ಕಾಕಾನ ಮೋಟರ್ ಸುಟ್ಟದ್ದು ಯಾವ ವರ್ಷನ್?

“ತಮ್ಮಾ, ನಿಮ್ಮ ಡಬ್ಬಿ ನನ್ನ ಮೋಟರ್ ಸುಟ್ಟು ಕುಂತೈತಿ ನೋಡೋ.” ಸವಣೂರು ಕಡೆಯಿಂದ ಕಾಕಾನ ಫೋನ್ ಬಂದಾಗ ನಾನು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿದ್ದೆ. ಡಬ್ಬಿ ಅಂದ್ರೆ ಮೊಬೈಲ್ ಸ್ಟಾರ್ಟರ್: ಒಂದು ಸಿಮ್, ಒಂದು ಮೈಕ್ರೋಕಂಟ್ರೋಲರ್, ಒಂದೆರಡು ರಿಲೇ. ತ್ರೀಫೇಸ್ ಕರೆಂಟ್ ನಡುರಾತ್ರಿ ಬಂದರೂ ಹೊಲಕ್ಕೆ ಓಡಬೇಕಿಲ್ಲ, ಮಲಗಿದಲ್ಲಿಂದಲೇ ಫೋನ್ ಮಾಡಿ ಪಂಪ್ ಚಾಲೂ ಮಾಡಬಹುದು. ಆಗ ನಾನಿದ್ದ ಕಂಪನಿ ಇಂಥ ಡಬ್ಬಿಗಳನ್ನು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲೆಲ್ಲ ಮಾರಿತ್ತು. ಬೋರ್‌ನಲ್ಲಿ ನೀರು ಮುಗಿದರೆ ಮೋಟರ್ ತಾನಾಗಿ ನಿಲ್ಲಬೇಕು. ನಿಲ್ಲಲಿಲ್ಲ.

“ಹ್ವಾದ ವರ್ಷ ಹಾಕಿದ್ದು ಚಲೋ ಇತ್ತಲ್ಲ. ಇದರಾಗ ಏನು ಬದಲ ಮಾಡೀರಿ?”

ಗಿಟ್ ಇರೋದೇ ಈ ಪ್ರಶ್ನೆಗೆ ಉತ್ತರ ಹೇಳೋಕೆ ಅಲ್ವಾ? ಜಂಬದಿಂದಲೇ ಎರಡು ಬಿಡುಗಡೆಗಳ ಡಿಫ್ ತೆಗೆದೆ. ಮೋಟರ್ ನಿಲ್ಲಿಸುವ ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಮೂರು ದಿನ ಒಬ್ಬೊಬ್ಬರ ಲ್ಯಾಪ್‌ಟಾಪ್ ತಡಕಿದ ಮೇಲೆ ಸಿಕ್ಕಿತು. ಪ್ರಾಜೆಕ್ಟ್ ಕಡತ ತೆರೆದಾಗೆಲ್ಲ ಬದಲಾಗುತ್ತೆ, ಮರ್ಜ್ ಮಾಡುವಾಗ ಜಗಳ ಆಗುತ್ತೆ ಅಂತ ಯಾರೋ ಅದನ್ನು ಗಿಟ್‌ಇಗ್ನೋರ್‌ಗೆ ಸೇರಿಸಿದ್ದರು. ಹೊಸ ಬಿಡುಗಡೆ ಬಿಲ್ಡ್ ಆದದ್ದು ಹೊಸ ಲ್ಯಾಪ್‌ಟಾಪ್‌ನಲ್ಲಿ, ಹೊಸದಾಗಿ ಕಟ್ಟಿದ ಪ್ರಾಜೆಕ್ಟ್‌ನಲ್ಲಿ, ಆಪ್ಟಿಮೈಸೇಷನ್ ಏರಿಸಿ. ಇಂಟರಪ್ಟ್‌ನಲ್ಲಿ ಬದಲಾಗುವ ಫ್ಲ್ಯಾಗ್‌ಗೆ ‘ವೋಲಟೈಲ್’ ಅಂತ ನಾವು ಬರೆದೇ ಇರಲಿಲ್ಲ. ಇದನ್ನು ಯಾರೂ ಬದಲಾಯಿಸೋದಿಲ್ಲ ಅಂತ ಲೆಕ್ಕ ಹಾಕಿದ ಕಂಪೈಲರ್ ಮತ್ತೆ ಮತ್ತೆ ನೋಡೋದನ್ನೇ ಬಿಟ್ಟಿತು. ತಪ್ಪು ನಮ್ಮದೇ, ಹಳೇದು. ಆದರೆ ಆ ಕಡತ ಗಿಟ್‌ನಲ್ಲಿದ್ದಿದ್ದರೆ ಮೂರು ದಿನದ ಹುಡುಕಾಟ ಮೂರು ನಿಮಿಷದ್ದು.

ಹಿರೇಕೆರೂರು ಸೀಮೆಯವರು ತಮ್ಮವನೆನ್ನುವ ಸರ್ವಜ್ಞನ ತ್ರಿಪದಿಗಳದ್ದೂ ಹೆಚ್ಚುಕಮ್ಮಿ ಇದೇ ಕಥೆ. ನಕಲು ಮಾಡುತ್ತ ತಿದ್ದಿದರು, ಸೇರಿಸಿದರು. ಯಾರು, ಯಾವಾಗ ಅನ್ನೋದು ಉಳಿಯಲಿಲ್ಲ. ಉತ್ತಂಗಿ ಚನ್ನಪ್ಪನವರು ಪ್ರತಿಗಳನ್ನು ಹುಡುಕಿ, ಹೋಲಿಸಿ 1924ರಲ್ಲಿ ಪುಸ್ತಕ ತಂದರು. ಅವರಿಗೆ ಗಿಟ್ ಇರಲಿಲ್ಲ. ನಮಗೇನಾಗಿತ್ತು?

ಎಂಬೆಡೆಡ್ ಐಡಿಇಗಳ ಮೇಲೆ ನನ್ನ ತಕರಾರು ಇದು: ಅವುಗಳಿಗೆ ಪ್ರಾಜೆಕ್ಟ್ ಅಂದರೆ ಒಬ್ಬನ ಮೇಜು. ಗಿಟ್ ಬಟನ್ ಮೆನುವಿನಲ್ಲಿ ಇರುತ್ತೆ, ಅಷ್ಟೇ. ಎಂಪಿಲ್ಯಾಬ್ ಎಕ್ಸ್‌ನ ಎನ್‌ಬಿಪ್ರಾಜೆಕ್ಟ್ ಫೋಲ್ಡರ್ ತೆರೆದು ನೋಡಿ. ಕಾಪಾಡಲೇಬೇಕಾದ ಕಾನ್ಫಿಗರೇಷನ್ಸ್ ಕಡತ, ಅದು ತಾನೇ ಹುಟ್ಟಿಸಿದ ಮೇಕ್‌ಫೈಲ್‌ಗಳು, ನಿಮ್ಮ ಖಾಸಗಿ ಸೆಟ್ಟಿಂಗ್‌ಗಳು, ಮೂರಕ್ಕೂ ಒಂದೇ ಮನೆ. ಬೇಸತ್ತವನು ಇಡೀ ಫೋಲ್ಡರನ್ನೇ ಹೊರಗಿಡುತ್ತಾನೆ. ಎಸ್‌ಟಿಎಂ32 ಕ್ಯೂಬ್‌ಐಡಿಇಯ ಸಿಪ್ರಾಜೆಕ್ಟ್ ಕಡತವೋ, ಉದ್ದುದ್ದ ಅಂಕಿಗಳ ಎಕ್ಸ್‌ಎಂಎಲ್ ಕಾಡು. ಅದರ ಡಿಫ್ ಓದಿ ಯಾವ ಟಿಕ್ ಮಾರ್ಕ್ ಬದಲಾಯ್ತು ಅಂತ ಹೇಳೋದು ಕಷ್ಟ. ಕ್ಯೂಬ್‌ನಲ್ಲಿ ಕೋಡ್ ಮತ್ತೆ ಜನರೇಟ್ ಮಾಡಿದರೆ ‘ಯೂಸರ್ ಕೋಡ್’ ಗುರುತಿನ ಆಚೆ ಬರೆದದ್ದೆಲ್ಲ ಮಾಯ. ಕೀಲ್ ಮೈಕ್ರೋವಿಷನ್ ವಾಸಿ: ಕಂಪೈಲರ್ ಆಯ್ಕೆ ಒಂದು ಕಡತ, ಬ್ರೇಕ್‌ಪಾಯಿಂಟ್ ಇನ್ನೊಂದು, ಕಿಟಕಿಗಳ ಜೋಡಣೆ ಮತ್ತೊಂದು. ಮೊದಲನೆಯದು ಗಿಟ್‌ಗೆ ಹೋಗಲೇಬೇಕು, ಕೊನೆಯದು ಹೋಗಲೇಬಾರದು.

ಗಾಳಿ ತಿರುಗುತ್ತಿದೆ, ಹೇಳಬೇಕು. ಕೀಲ್‌ನ ಹೊಸ ಪ್ರಾಜೆಕ್ಟ್‌ಗಳು ಮನುಷ್ಯರು ಓದಬಹುದಾದ ವೈಎಎಂಎಲ್‌ಗೆ ಬಂದಿವೆ, ಕ್ಯೂಬ್ ಸಿಮೇಕ್ ಕಡತ ಕೊಡುತ್ತೆ. ಆದರೂ ಕಂಪೈಲರ್ ಯಾವ ವರ್ಷನ್ ಅಂತ ನೀವೇ ಬರೆದಿಡಬೇಕು. ಬಿಡುಗಡೆಯ ಬಿಲ್ಡ್ ಯಾರದೋ ಲ್ಯಾಪ್‌ಟಾಪ್‌ನಲ್ಲಿ ಆಗಬಾರದು, ಬಿಲ್ಡ್ ಸರ್ವರ್‌ನಲ್ಲೇ ಆಗಬೇಕು.

ಆಮೇಲೆ ನಾವು ಗಿಟ್ ಡಿಸ್ಕ್ರೈಬ್ ಕೊಡುವ ಗುರುತನ್ನು ಫರ್ಮ್‌ವೇರ್ ಒಳಗೇ ಕೂರಿಸಿದೆವು. ಡಬ್ಬಿಗೆ ಮೆಸೇಜ್ ಕಳಿಸಿದರೆ ಆ ಗುರುತು ವಾಪಸ್ ಬರುತ್ತೆ. ಕಾಕಾನ ಹೊಸ ಡಬ್ಬಿಯದ್ದನ್ನು ಫೋನ್‌ನಲ್ಲೇ ಓದಿಸಿದೆ. ಅಂಕಿ, ಅಕ್ಷರ ಎಲ್ಲ ಒಂದೊಂದಾಗಿ ಓದಿ ಕಾಕಾ ನಿಂತ.

“ಕಡೀಗೆ ಡರ್ಟಿ ಅಂತ ಐತಲ್ಲೋ. ಡರ್ಟಿ ಅಂದ್ರ ಹೊಲಸು, ಹೌದಲ್ಲ?”

“ಹೌದು ಕಾಕಾ. ಯಾರೋ ಕಮಿಟ್ ಮಾಡಲಾರದ ಬಿಲ್ಡ್ ಮಾಡ್ಯಾರ. ಇವತ್ತ ಮೋಟರ್ ಹಚ್ಚಬ್ಯಾಡ.”