ಚಕ್ರವ್ಯೂಹದ ಬಾಗಿಲು: ಅಭಿಮನ್ಯುವನ್ನು ರೂಪಿಸಿದವರೂ ಕಳುಹಿಸಿದವರೂ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕೊಯ್ಲಾದ ಗದ್ದೆಗಳಲ್ಲಿ ಮಂದಾರ್ತಿ, ಮಾರಣಕಟ್ಟೆ ಮೊದಲಾದ ಮೇಳಗಳ ಬಯಲಾಟ ನೋಡಿ ಬೆಳೆದವರಿಗೆ ‘ಅಭಿಮನ್ಯು ಕಾಳಗ’ದ ಪರಿಚಯ ಮಾಡಿಕೊಡಬೇಕಾಗಿಲ್ಲ. ಹದಿನಾರರ ತರುಣನೊಬ್ಬನು ಸೇನೆಯ ಮುಂದಾಳಾಗಿ ಚಕ್ರವ್ಯೂಹವನ್ನು ಹೊಕ್ಕು ಮರಳದೆ ಹೋದ ಈ ಪ್ರಸಂಗವನ್ನು ನಾವು ಪರಾಕ್ರಮದ ಕಥೆಯೆಂದೇ ಗ್ರಹಿಸುತ್ತೇವೆ. ನಾಯಕನೊಬ್ಬನನ್ನು ರೂಪಿಸುವ ಕಥೆಯೆಂದು ಓದಿದರೆ ಅದು ದೇವಸೇವೆಗೆ ತರುಣರನ್ನು ಸಿದ್ಧಪಡಿಸುವ ನಮ್ಮನ್ನೇ ಪ್ರಶ್ನಿಸುತ್ತದೆ.

ಜನಪ್ರಿಯ ಪರಂಪರೆಯ ಪ್ರಕಾರ ಅಭಿಮನ್ಯು ವ್ಯೂಹಭೇದನವನ್ನು ತಾಯಿಯ ಗರ್ಭದಲ್ಲಿಯೇ ಕೇಳಿದನು. ಸುಭದ್ರೆಗೆ ನಿದ್ರೆ ಬಂದುದರಿಂದ ಹೊರಬರುವ ಉಪಾಯ ಕಿವಿಗೆ ಬೀಳಲಿಲ್ಲ. ಈ ಕಥೆ ಮನೋಹರವಾದುದು. ಆದರೆ ಅದು ಹೊಣೆಯನ್ನು ಒಬ್ಬ ತಾಯಿಯ ಆಯಾಸದ ಮೇಲೆ ಹೊರಿಸಿ ಉಳಿದವರನ್ನು ಬಿಡುಗಡೆ ಮಾಡುತ್ತದೆ. ವ್ಯಾಸಭಾರತದ ದ್ರೋಣಪರ್ವ ಅಷ್ಟು ಉದಾರವಾಗಿಲ್ಲ. ಅಲ್ಲಿ ಅಭಿಮನ್ಯು, ವ್ಯೂಹವನ್ನು ಒಡೆಯುವ ಕ್ರಮವನ್ನು ತಂದೆ ಕಲಿಸಿದ್ದಾನೆ, ಆಪತ್ತು ಬಂದರೆ ಹೊರಬರಲು ತಾನು ಶಕ್ತನಲ್ಲ ಎಂದು ಧರ್ಮರಾಯನಿಗೆ ಮೊದಲೇ ಸ್ಪಷ್ಟವಾಗಿ ತಿಳಿಸುತ್ತಾನೆ. ಧರ್ಮರಾಯನ ಉತ್ತರವೇನು? ನೀನು ಬಾಗಿಲು ತೆರೆ, ನಾವು ಹಿಂದೆಯೇ ಬರುತ್ತೇವೆ. ಭೀಮನೂ ಅದನ್ನೇ ಹೇಳುತ್ತಾನೆ. ಹುಡುಗನ ಅರೆಕಲಿಕೆ ಯಾರಿಗೂ ಗುಟ್ಟಾಗಿರಲಿಲ್ಲ. ಅದನ್ನು ಅರಿತೇ ಅವನನ್ನು ಕಳುಹಿಸಲಾಯಿತು. ಜಯದ್ರಥನು ಅಡ್ಡನಿಂತಾಗ ಹಿರಿಯರ ಭರವಸೆ ಬಾಗಿಲಲ್ಲಿಯೇ ಉಳಿಯಿತು.

ಅವನನ್ನು ರೂಪಿಸಿದ ಮತ್ತೊಂದು ಪ್ರಭಾವ ವಂಶಕೀರ್ತಿ. ಈ ಭಾರ ಅತಿಯಾದುದು, ಯೋಚಿಸು ಎಂದು ಸಾರಥಿ ಸುಮಿತ್ರನು ಎಚ್ಚರಿಸಿದಾಗ ಅಭಿಮನ್ಯು ನಗುತ್ತಾನೆ. ಸೋದರಮಾವನಾದ ಕೃಷ್ಣನೇ, ತಂದೆಯಾದ ಅರ್ಜುನನೇ ಎದುರಾದರೂ ಅಂಜೆನು ಎನ್ನುತ್ತಾನೆ. ಅವನ ಧೈರ್ಯಕ್ಕೆ ಅಳತೆಗೋಲಾದವರು ಈ ಇಬ್ಬರು ಮಹಾಪುರುಷರು. ರಥದಲ್ಲಿ ಜೊತೆಗಿದ್ದ ಸಾಮಾನ್ಯನ ಮಾತಿಗೆ ಅಲ್ಲಿ ಎಡೆಯಿರಲಿಲ್ಲ. ಪ್ರಸಿದ್ಧರ ಮಕ್ಕಳಿಗೂ ಶಿಷ್ಯರಿಗೂ ಒದಗುವ ಅಪಾಯವಿದು.

ಮರಣಾನಂತರದ ವಿಲಾಪಗಳೇ ಕಾವ್ಯದ ತೀರ್ಪು. ಊಟದಲ್ಲಿ, ವಾಹನದಲ್ಲಿ, ಆಭರಣದಲ್ಲಿ ಮುಂದಿಡಬೇಕಾಗಿದ್ದ ಬಾಲಕನನ್ನು ಯುದ್ಧದಲ್ಲಿ ಮುಂದಿಟ್ಟೆವೆಂದು ಧರ್ಮರಾಯನು ಪರಿತಪಿಸುತ್ತಾನೆ. ಹೊರಬರುವುದನ್ನು ತಾನು ಕಲಿಸಿರಲಿಲ್ಲವೆಂದು ಅರ್ಜುನನೂ ಒಪ್ಪಿಕೊಳ್ಳುತ್ತಾನೆ. ಕಲಿಸಿದವನೂ ಕಳುಹಿಸಿದವನೂ ತಪ್ಪನ್ನು ಒಪ್ಪಿದರು. ಒಪ್ಪಿಗೆ ಮಾತ್ರ ತಡವಾಗಿ ಬಂದಿತು.

ಯಕ್ಷಗಾನದ ವಿಷಯದಲ್ಲಿ ಗಮನಾರ್ಹವಾದ ಒಂದು ವೈಪರೀತ್ಯವಿದೆ. ಅರೆಕಲಿತ ವೀರನ ಪಾತ್ರವನ್ನು ಅರೆಕಲಿತ ಕಲಾವಿದನಿಗೆ ಮೇಳ ಒಪ್ಪಿಸುವುದಿಲ್ಲ. ಸಂಪ್ರದಾಯದಲ್ಲಿ ಎಳೆಯನು ಪೂರ್ವರಂಗದ ಕೋಡಂಗಿಯಾಗಿ ಆರಂಭಿಸಿ, ಬಾಲಗೋಪಾಲ, ಸ್ತ್ರೀವೇಷಗಳನ್ನು ದಾಟಿ, ಹಿರಿಯರ ವೇಷವನ್ನು ಚೌಕಿಯಲ್ಲಿಯೂ ರಂಗಸ್ಥಳದಲ್ಲಿಯೂ ಕಂಡು ಪುಂಡುವೇಷಕ್ಕೆ ಬರುತ್ತಾನೆ. ರಂಗವನ್ನು ಪ್ರವೇಶಿಸುವುದರೊಡನೆ ನಿರ್ಗಮಿಸುವುದನ್ನೂ ಮೊದಲ ಹೆಜ್ಜೆಯಲ್ಲಿಯೇ ಕಲಿಯುತ್ತಾನೆ. ಪದ್ಯ ಭಾಗವತರದು, ಅರ್ಥ ಕಲಾವಿದನದು. ಆದುದರಿಂದ ಹುಡುಗನ ನಿವೇದನೆಗೆ ಎಷ್ಟು ತೂಕ ಕೊಡಬೇಕೆಂಬುದು ಅವನ ವಿವೇಕಕ್ಕೆ ಬಿಟ್ಟುದು. ಮಂಡಿ ಹಾಕುವ ರಭಸಕ್ಕೆ ಚಪ್ಪಾಳೆ ತಟ್ಟುವ ನಾವು ಆ ನಿವೇದನೆಯ ಮಾತಿಗೆ ಕಿವಿಗೊಡುವುದು ಅಪರೂಪ.

ಇಲ್ಲಿ ಒಂದು ಆಕ್ಷೇಪಣೆ ಸಹಜ. ಕುರಿಗಳಿಗಾಗಿ ಪ್ರಾಣ ಕೊಡುವುದೇ ಕ್ರೈಸ್ತ ನಾಯಕತ್ವವಾದರೆ, ಮರಳಿ ಬರುವ ದಾರಿಯನ್ನು ಕೇಳುವುದು ಅಲ್ಪವಿಶ್ವಾಸವಲ್ಲವೇ? ಸುವಾರ್ತೆ ಹಾಗೆ ಹೇಳುವುದಿಲ್ಲ. ಯೇಸು ತನ್ನ ಪ್ರಾಣವನ್ನು ತಾನಾಗಿಯೇ ಕೊಟ್ಟನು (ಯೋಹಾನ 10:18). ಶಿಷ್ಯರ ಪ್ರಾಣವನ್ನು ಹಾಗೆ ವ್ಯಯಮಾಡಲಿಲ್ಲ. ಹನ್ನೆರಡು ಮಂದಿಯನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದನು (ಮಾರ್ಕ 6:7). ಅವರು ಹಿಂದಿರುಗಿ ವರದಿ ಒಪ್ಪಿಸಿದಾಗ ವಿಶ್ರಾಂತಿಗೆ ಕರೆದೊಯ್ದನು (6:30-31). ತೋಟದಲ್ಲಿ ಆತನನ್ನು ಸುತ್ತುವರಿದ ರಾತ್ರಿಯಲ್ಲಿ, ತನ್ನನ್ನು ಹುಡುಕುವುದಾದರೆ ಇವರನ್ನು ಹೋಗಗೊಡಿಸಿರಿ ಎಂದು ಕೇಳಿಕೊಂಡನು (ಯೋಹಾನ 18:8). ವ್ಯೂಹದ ಒಳಗೆ ತಾನು ಉಳಿದು ತನ್ನವರಿಗೆ ಬಾಗಿಲು ತೆರೆದ ನಾಯಕನು ಈತನು. ದ್ರೋಣಪರ್ವದಲ್ಲಿ ಹಿರಿಯರು ಹೊರಗುಳಿದರು, ಕಿರಿಯನು ಒಳಗುಳಿದನು. ಗೆತ್ಸೇಮನೆಯಲ್ಲಿ ಕ್ರಮ ತಿರುಗಿತು.

ಆದುದರಿಂದ ಈ ಪ್ರಸಂಗವು ನಮಗೆ ಒಪ್ಪಿಸುವ ಕೆಲಸ ಸ್ಪಷ್ಟ. ಪ್ರಸಂಗಪೀಠವನ್ನು ಏರುವುದನ್ನು, ಸಭೆಯನ್ನು ನಡೆಸುವುದನ್ನು ನಾವು ಕಲಿಸುತ್ತೇವೆ. ಕಲಹದಿಂದ, ಸಾಲದಿಂದ, ಒಂಟಿತನದಿಂದ ಹೊರಬರುವುದನ್ನೂ, ‘ಇದು ನನಗೆ ತಿಳಿಯದು’ ಎಂದು ಹೇಳುವುದನ್ನೂ ಕಲಿಸುತ್ತೇವೆಯೇ? ಹಾಗೆ ಹೇಳಿದ ತರುಣನಿಗೆ ‘ನಾವು ಹಿಂದೆಯೇ ಇದ್ದೇವೆ’ ಎಂಬ ಉತ್ತರ ಸಾಲದು. ಅಭಿಮನ್ಯುವಿಗೂ ಅದೇ ಉತ್ತರ ದೊರೆತಿತ್ತು. ಕಳುಹಿಸುವವರು ಅವನೊಡನೆ ಹೋಗಬೇಕು. ಆಗದಿದ್ದರೆ ಕಲಿಕೆ ಮುಗಿಯುವವರೆಗೆ ಅವನನ್ನು ತಡೆದಿರಿಸಬೇಕು.