ತಿಮಿಂಗಿಲಕ್ಕೆ ಜೋಡಿಸಿದ ಎಂಜಿನ್

1914ರ ಯುರೋಪನ್ನು ಸ್ಕಾಟ್ ವೆಸ್ಟರ್‌ಫೆಲ್ಡ್ ತಮ್ಮ ‘ಲೆವಯಥನ್’ (2009) ಕಾದಂಬರಿಯಲ್ಲಿ ಎರಡು ಪಾಳೆಯವಾಗಿ ಒಡೆದಿದ್ದಾರೆ. ಜರ್ಮನಿ, ಆಸ್ಟ್ರಿಯಾದವರು ‘ಕ್ಲ್ಯಾಂಕರ್’ಗಳು, ಅವರ ಉಕ್ಕಿನ ಯುದ್ಧಯಂತ್ರಗಳು ಕಾಲೂರಿ ನಡೆಯುತ್ತವೆ. ಬ್ರಿಟಿಷರು ‘ಡಾರ್ವಿನಿಸ್ಟ್’ಗಳು, ಪ್ರಾಣಿಗಳ ವಂಶತಂತು ಹೆಣೆದು ಆಯುಧ ಬೆಳೆಸುತ್ತಾರೆ.

ನನ್ನ ಮನಸ್ಸು ಸೋತದ್ದು ಲೆವಯಥನ್ ಹಡಗಿಗೆ. ತಿಮಿಂಗಿಲದ ಮೈಯ ಈ ಆಕಾಶನೌಕೆ ತೇಲುವುದು ತನ್ನ ಹೊಟ್ಟೆಯಲ್ಲೇ ಹುಟ್ಟುವ ಹೈಡ್ರೋಜನ್‌ನಿಂದ. ಅನಿಲ ಸೋರುವ ಜಾಗವನ್ನು ಮೂಸಿ ಹುಡುಕಲು ಆರು ಕಾಲಿನ ನಾಯಿ! ಸುದ್ದಿ ಒಯ್ಯುವ ಹಲ್ಲಿ ಹೇಳಿದವರ ದನಿಯಲ್ಲೇ ಒಪ್ಪಿಸುತ್ತದೆ. (ನಮ್ಮ ಮನೆಯ ಹಲ್ಲಿ ಲೊಚಗುಟ್ಟಿದರೆ ಶಕುನವಷ್ಟೇ.) ಬಾವಲಿಗಳಿಗೆ ಲೋಹದ ಮೊಳೆ ತಿನ್ನಿಸಿರುತ್ತಾರೆ, ಕೆಂಪು ದೀಪ ಬಿಟ್ಟೊಡನೆ ಅವು ಬೆದರಿ ಶತ್ರುವಿನ ಮೇಲೆ ಮೊಳೆಯ ಮಳೆಗರೆಯುತ್ತವೆ.

ಕೀತ್ ಥಾಂಪ್ಸನ್ ಬರೆದ ಕಪ್ಪುಬಿಳುಪು ಚಿತ್ರಗಳಿಲ್ಲದೆ ಇದನ್ನೆಲ್ಲ ನಂಬುವುದು ಕಷ್ಟವಿತ್ತು. ಹಳೇ ಪುಸ್ತಕಗಳ ಅಚ್ಚಿನ ಚಿತ್ರಗಳ ಹಾಗೆ ಗೆರೆಗೆರೆಯಾಗಿ ನೆರಳು ತುಂಬಿದ್ದಾರೆ.

ಹೊಡೆದಾಟದ ಪುಟಗಳು ಅಲ್ಲಲ್ಲಿ ಉದ್ದವಾದವು, ನಿಜ. ಆದರೆ ಹಡಗು ಆಲ್ಪ್ಸ್‌ನ ಹಿಮದ ಮೇಲೆ ಬಿದ್ದಾಗಿನ ಕಥೆ ನೋಡಿ. ಆಸ್ಟ್ರಿಯಾದ ಆರ್ಚ್‌ಡ್ಯೂಕ್ ಫ್ರಾಂಜ್ ಫರ್ಡಿನೆಂಡ್‌ಗೆ ಲೇಖಕರು ಕಲ್ಪಿಸಿದ ಮಗ ಅಲೆಕ್, ತಂದೆ ತಾಯಿಯ ಕೊಲೆಯ ನಂತರ ಅಲ್ಲೇ ಅಡಗಿರುತ್ತಾನೆ. ಕೊನೆಗೆ ಅವನ ನಡೆಯುವ ಯಂತ್ರದ ಎಂಜಿನ್‌ಗಳನ್ನೇ ಕಳಚಿ ತಿಮಿಂಗಿಲಕ್ಕೆ ಜೋಡಿಸುತ್ತಾರೆ, ಹಡಗು ಮತ್ತೆ ಮೇಲೇಳುತ್ತದೆ.