‘ಸನ್‌ಸೆಟ್ ಬುಲೆವಾರ್ಡ್’: ಕರುಣೆ ಮತ್ತು ಕ್ರೌರ್ಯ

ಬಿಲ್ಲಿ ವೈಲ್ಡರ್ ನಿರ್ದೇಶನದ ‘ಸನ್‌ಸೆಟ್ ಬುಲೆವಾರ್ಡ್’ (1950) ಮರೆವಿಗೆ ಸಂದ ತಾರೆಯೊಬ್ಬಳ ದುರಂತಕಥನವೆಂದೂ, ಹಾಲಿವುಡ್ ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡ ಕೃತಿಯೆಂದೂ ಮನ್ನಣೆ ಪಡೆದಿದೆ. ಮೊದಲನೆಯ ಮಾತು ನಿರ್ವಿವಾದ. ಎರಡನೆಯದು ಮರುಪರಿಶೀಲನೆಯನ್ನು ಬೇಡುತ್ತದೆ.

ಸಾಲಗಾರರಿಂದ ತಪ್ಪಿಸಿಕೊಳ್ಳುತ್ತಿದ್ದ ಚಿತ್ರಕಥೆಗಾರ ಜೋ ಗಿಲ್ಲಿಸ್, ಮೂಕಿಚಿತ್ರಗಳ ಕಾಲದ ನಟಿ ನಾರ್ಮಾ ಡೆಸ್ಮಂಡ್‌ಳ ಬಂಗಲೆಯನ್ನು ಹೊಕ್ಕು, ಅವಳು ಬರೆದ ‘ಸಲೋಮೆ’ಯನ್ನು ತಿದ್ದುತ್ತ ಅವಳ ಹಂಗಿಗೆ ಬೀಳುತ್ತಾನೆ, ಕೊನೆಗೆ ಅವಳ ಗುಂಡಿಗೇ ಬಲಿಯಾಗುತ್ತಾನೆ. ಕಥೆಯನ್ನು ನಿರೂಪಿಸುವವನು ಈಜುಕೊಳದಲ್ಲಿ ಶವವಾಗಿ ತೇಲುವ ಈ ಜೋ. ಹೀಗಾಗಿ ನಾರ್ಮಾಳ ಬದುಕು ಪ್ರೇಕ್ಷಕನನ್ನು ತಲುಪುವುದು ಅವಳ ಅನ್ನವುಂಡೂ ಅವಳನ್ನು ಹೀಗಳೆಯುವ ಪುರುಷನ ದನಿಯಲ್ಲಿ. ಐವತ್ತರ ಹೆಣ್ಣು ಪ್ರೀತಿಯನ್ನೂ ವೃತ್ತಿಯನ್ನೂ ಬಯಸುವುದೇ ವಿಕಾರವೆಂಬ ಭಾವನೆಯನ್ನು ಚಿತ್ರವು ಪೂರ್ತಿಯಾಗಿ ಪ್ರಶ್ನಿಸುವುದಿಲ್ಲ.

ಪಾತ್ರಗಳ ಆಯ್ಕೆಯಲ್ಲಿಯೂ ಇದೇ ಸಂದಿಗ್ಧವಿದೆ. ಸೇವಕ ಮ್ಯಾಕ್ಸ್‌ನ ಪಾತ್ರದಲ್ಲಿರುವವರು ನಿರ್ದೇಶಕ ಎರಿಕ್ ಫಾನ್ ಸ್ಟ್ರೋಹೈಮ್. ಅವರ ನಿರ್ದೇಶನದಲ್ಲಿ ಆರಂಭವಾಗಿ, ಅವರನ್ನು ನಡುವೆಯೇ ಕೈಬಿಟ್ಟ ‘ಕ್ವೀನ್ ಕೆಲ್ಲಿ’ ಚಿತ್ರದ ತುಣುಕೇ ನಾರ್ಮಾಳ ಪೂರ್ವವೈಭವದ ಸಾಕ್ಷಿಯಾಗಿ ತೆರೆಯ ಮೇಲೆ ಮೂಡುತ್ತದೆ. ಇಸ್ಪೀಟಿನ ಮೇಜಿನಲ್ಲಿ ಬಸ್ಟರ್ ಕೀಟನ್ ಕುಳಿತಿದ್ದಾರೆ. ನಿಜಜೀವನದ ಪತನಗಳು ಇಲ್ಲಿ ಕಥೆಗೆ ಸಾಮಗ್ರಿಯಾಗಿವೆ.

ನಾರ್ಮಾಳಾಗಿ ನಟಿಸಿದ ಗ್ಲೋರಿಯಾ ಸ್ವಾನ್‌ಸನ್‌ರ ಬದುಕು ಮಾತ್ರ ಈ ಚಿತ್ರಕ್ಕೆ ಪ್ರತಿವಾದದಂತಿದೆ. 1929ರ ವಾಕ್ಚಿತ್ರ ‘ದಿ ಟ್ರೆಸ್‌ಪಾಸರ್’ಗಾಗಿ ಅವರು ಆಸ್ಕರ್ ನಾಮನಿರ್ದೇಶನ ಪಡೆದಿದ್ದರು, 1948ರಲ್ಲಿ ದೂರದರ್ಶನ ಕಾರ್ಯಕ್ರಮವನ್ನು ನಡೆಸಿದ್ದರು. ಮಾತು ಬಂದೊಡನೆ ಮೂಕಿಯ ತಾರೆಯರು ಕತ್ತಲೆಗೆ ಸರಿದರೆಂಬ ಜನಪ್ರಿಯ ನಂಬಿಕೆಗೆ ಸ್ವತಃ ಈ ನಟಿಯೇ ಅಪವಾದ.

ಆದರೂ ಚಿತ್ರವನ್ನು ತಳ್ಳಿಹಾಕಲಾಗದು. ಸೆಸಿಲ್ ಬಿ. ಡಿಮಿಲ್ ತಾವಾಗಿಯೇ ಕಾಣಿಸಿಕೊಳ್ಳುವ ಸ್ಟುಡಿಯೋ ದೃಶ್ಯದಲ್ಲಿ, ಧ್ವನಿಗ್ರಾಹಕವೊಂದು ನಾರ್ಮಾಳ ಟೋಪಿಯ ಗರಿಗೆ ತಾಗುತ್ತದೆ. ಅವಳು ಅದನ್ನು ತಳ್ಳುತ್ತಾಳೆ. ಹಳೆಯ ದೀಪದಾಳೊಬ್ಬನು ಅವಳತ್ತ ಬೆಳಕು ತಿರುಗಿಸಿದೊಡನೆ ಜನ ಸುತ್ತ ನೆರೆಯುತ್ತಾರೆ. ಸ್ಟುಡಿಯೋಗೆ ಬೇಕಾದದ್ದು ಅವಳ ಹಳೆಯ ಕಾರು ಮಾತ್ರ ಎಂಬ ಸತ್ಯವನ್ನು ಡಿಮಿಲ್ ಅವಳಿಗೆ ಹೇಳುವುದಿಲ್ಲ. ಮ್ಯಾಕ್ಸ್‌ನೋ ಅಭಿಮಾನಿಗಳ ಹೆಸರಿನಲ್ಲಿ ತಾನೇ ಪತ್ರಗಳನ್ನು ಬರೆಯುತ್ತಾನೆ. ಒಂದು ದೃಷ್ಟಿಯಿಂದ ಡಿಮಿಲ್‌ರ ಸೌಜನ್ಯವು ಉದ್ಯಮವನ್ನು ದೋಷಮುಕ್ತಗೊಳಿಸಿ ಹೊಣೆಯನ್ನೆಲ್ಲ ನಾರ್ಮಾಳ ಭ್ರಮೆಯ ಮೇಲೆ ಹೊರಿಸುತ್ತದೆ. ಇನ್ನೊಂದು ದೃಷ್ಟಿಯಿಂದ, ಸತ್ಯವನ್ನು ಮುಚ್ಚಿಡುವ ಇಂಥ ಕರುಣೆಯೇ ಆ ಭ್ರಮೆಯನ್ನು ಪೋಷಿಸಿದ ಕ್ರೌರ್ಯ. ಎರಡನೆಯ ಅರ್ಥವೇ ಚಿತ್ರದ ಸತ್ವಕ್ಕೆ ಹೆಚ್ಚು ಹತ್ತಿರವಾದುದು.

ಅಂತ್ಯದಲ್ಲಿ ಕೊಲೆಗಾತಿ ನಾರ್ಮಾ ವಾರ್ತಾಚಿತ್ರದ ಕ್ಯಾಮೆರಾಗಳ ಮುಂದೆ ಮೆಟ್ಟಿಲಿಳಿಯುತ್ತಾಳೆ. ಮ್ಯಾಕ್ಸ್ ಮತ್ತೆ ನಿರ್ದೇಶಕನಾಗುತ್ತಾನೆ. ಸತ್ತವನ ನಿರೂಪಣೆ ಅಲ್ಲಿಗೆ ನಿಂತು, ಅವಳ ಮುಖವೊಂದೇ ತೆರೆಯನ್ನು ತುಂಬುತ್ತದೆ. ಇಡೀ ಚಿತ್ರವು ಅವಳಿಗೆ ನಿರಾಕರಿಸಿದ ಘನತೆಯನ್ನು ಆ ಗಳಿಗೆ ಮರಳಿಸುತ್ತದೆ; ಆದರೆ ಅವಳು ಬುದ್ಧಿಯ ಸ್ವಾಸ್ಥ್ಯವನ್ನೇ ಬೆಲೆಯಾಗಿ ತೆತ್ತ ಮೇಲೆ.